ಭಾನುವಾರದ ನೂರ ತೊಂಬತ್ತು ರೂಪಾಯಿ

ಬಾಳ್ಳುಪೇಟೆ
18-8-2024, ಭಾನುವಾರ

ಶೃತಿ ಮಗ,

ನಿನ್ನ ಕಾಗದ ಬಂದು ಇಪ್ಪತ್ತು ದಿನ ಆಯ್ತು. ಉತ್ತರ ತಡವಾದದ್ದಕ್ಕೆ ಬೇರೆ ಕಾರಣ ಏನಿಲ್ಲ, ಕನ್ನಡಕದ ಕಡ್ಡಿ ಮುರಿದಿತ್ತು. ಕನ್ನಡಕದ ಅಂಗಡೀಲಿ ಕೆಲಸ ಮಾಡೋ ಹುಡುಗಿಯ ದೊಡ್ಡಮ್ಮ ಕನ್ನಡಕಕ್ಕೆ ದಾರ ಕಟ್ಟಿಕೊಂಡು ಓಡಾಡ್ತಾಳೆ ಅಂತ ಪಕ್ಕದ ಮನೆ ಚೆಲುವಮ್ಮ ಆಡಿಕೊಂಡು ನಕ್ಕಳು. ನಗಲಿ ಬಿಡು.

ಪೋಸ್ಟಿನ ವೀರಭದ್ರಯ್ಯ ನಿನ್ನ ಕಾಗದ ಕೊಡುವಾಗ, "ಈಗ ಕಾಗದ ಬರೆಯೋರು ಕೋರ್ಟಿನೋರು, ಇನ್ಸೂರೆನ್ಸಿನೋರು, ಅವರು ಬಿಟ್ರೆ ನಿಮ್ಮ ಹುಡುಗಿ ಒಬ್ಬಳೇ ಕಣಕ್ಕ" ಅಂದ. ನನ್ನ ಎಡಗಿವಿ ಹತ್ರ ಬಂದು ಕೂಗಿ ಹೇಳಿದ್ದರಿಂದ ಕೇಳಿಸ್ತು. ಕಾಫಿ ಕ್ಯೂರಿಂಗ್ ಫ್ಯಾಕ್ಟರಿಯ ಮಿಷನ್ನಿನ ಸದ್ದು ಬಲಗಿವೀನ ಪೂರ್ತಿ ತಿಂದು ಹಾಕೈತೆ. ಫೋನಲ್ಲಿ ನೀನು ಮಾತಾಡಿದ್ರೆ ಜೇನ್ನೊಣ ಗುಂಯ್ ಅಂದಂಗೆ ಆಗ್ತೈತೆ ಅಷ್ಟೇ. ಆದ್ರೂ ಫೋನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೇ ಇರ್ತೀನಿ. ನಡುಗಿದ್ರೆ ಗೊತ್ತಾಗ್ತೈತೆ.

ನಿಮ್ಮ ನಟರಾಜ ಮಾವ ಮೊನ್ನೆ ಟೈರ್ ಅಂಗಡಿ ಬಾಗಿಲು ಹಾಕಿ ಬಂದೋನು ಮತ್ತೆ ಅದೇ ಮಾತು ತೆಗೆದ. "ಅಕ್ಕ, ಸಂಕ್ರಾಂತಿವರೆಗೆ ಅಂತ ಟೈಮ್ ಕೊಟ್ಟಿದೀನಿ. ಅಷ್ಟೊತ್ತಿಗೆ ಅವಳು ಒಂದು ನೆಲೆಗೆ ನಿಂತಿರಬೇಕು. ಇಲ್ದಿದ್ರೆ ಆಲೂರಿನ ಹಾರ್ಡ್‌ವೇರ್ ಅಂಗಡಿಯೋನು ಕೌಂಟರಿಗೆ ಹುಡುಗಿ ಬೇಕು ಅಂತ ಕಾಯ್ತಾವನೆ" ಅಂದ. ನಿನ್ನ ಪರವಾಗಿ ನಿಂತೋಳು ನಾನೊಬ್ಬಳೇ. ನಿಮ್ಮವ್ವ ಹೋದ ಮೇಲೆ ನಿನ್ನ ಮಾತು ಅಂದ್ರೆ ನನ್ನ ಮಾತೇ. ಅವಳು ಕಣ್ಣು ಪರೀಕ್ಷೆ ಮಾಡೋ ಕೋರ್ಸು ಪಾಸಾಗವಳೆ, ಕೆಲಸ ಐತೆ, ದುಡ್ಡು ಹಿಡಿದು ಖರ್ಚು ಮಾಡ್ತಾಳೆ ಅಂತ ಎದೆ ಮುಟ್ಟಿಕೊಂಡು ಹೇಳಿದೀನಿ.

ಅದಿರಲಿ, ಭಾನುವಾರ ಬೆಳಿಗ್ಗೆ ಏನು ಮಾಡ್ತೀಯ ಮಗ? ಬೇಗನೇ ಎದ್ದು ಹೊರಗೆ ಹೋಗ್ತೀಯಾ? ಸುಮ್ಮನೆ ಕೇಳಿದೆ.

ನಿನ್ನ ದೊಡ್ಡಮ್ಮ
ಸುಮಿತ್ರಮ್ಮ


ಬೆಂಗಳೂರು
1-9-2024

ದೊಡ್ಡಮ್ಮ,

ಆ ದಾರ ಕಟ್ಟಿದ ಕನ್ನಡಕ ಹಾಕೋದು ನಿಲ್ಲಿಸು. ಈ ಕವರಿನ ಜೊತೆ ಒಂದು ಸಣ್ಣ ಪೊಟ್ಟಣದಲ್ಲಿ ಹೊಸ ಕಡ್ಡಿ, ಎರಡು ಸ್ಕ್ರೂ ಕಳಿಸಿದೀನಿ. ಶಿವಣ್ಣನ ವಾಚ್ ಅಂಗಡಿಗೆ ತಗೊಂಡು ಹೋದ್ರೆ ಹಾಕಿ ಕೊಡ್ತಾರೆ. ಚೆಲುವಮ್ಮನಿಗೂ ತೋರಿಸಿ ಬಾ.

ಖರ್ಚಿನ ವಿಷಯಕ್ಕೆ ಮಾವ ತಲೆ ಕೆಡಿಸಿಕೊಳ್ಳೋದು ಬೇಡ ಅಂತ ಹೇಳು. ಇಲ್ಲಿ ದುಡ್ಡು ಹೆಂಗೆ ಹೋಗುತ್ತೆ ಅಂದ್ರೆ ನಿನಗೆ ನಗು ಬರುತ್ತೆ. ರೂಮಲ್ಲಿ ನಾವು ನಾಲ್ಕು ಜನ. ಜಾನಿಸ್, ಅನಿಶಾ ಅಂತ ಮಂಗಳೂರು ಕಡೆಯ ಇಬ್ಬರು, ಮತ್ತೆ ಯಾವತ್ತೂ ಮಾತಾಡದ ಒಬ್ಬಳು. ಹೋದ ವಾರ ಅನಿಶಾ ಬೀದಿಯಲ್ಲಿ ಮಜ್ಜಿಗೆ ತಂದಳು. ಅದಕ್ಕೆ ಹಾಕೋಕೆ ಕರಿಬೇವು ಇರಲಿಲ್ಲ. ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ತಂದುಕೊಡೋರ ಹತ್ರ ತರಿಸಿದ್ವಿ. ಕರಿಬೇವಿಗೆ ಹನ್ನೆರಡು, ತಂದಿದ್ದಕ್ಕೆ ಇಪ್ಪತ್ತೈದು. ಬೈಬೇಡ.

ಅಂಗಡೀಲಿ ತಿಂಗಳಿಗೆ ಮೂರು ಹುಟ್ಟುಹಬ್ಬ ಬರ್ತಾವೆ, ಕೇಕಿಗೆ ಒಬ್ಬೊಬ್ಬರೂ ನೂರೈವತ್ತು. ಕೊಡದಿದ್ರೆ ಮುಖ ನೋಡಿ ಮಾತಾಡಲ್ಲ. ಉಗುರಿಗೆ ಬಣ್ಣ ಹಚ್ಚಿಸೋಕೆ ಆರುನೂರು ಕೊಟ್ಟೆ ಅಂದ್ರೆ ನೀನು ಎದೆ ಬಡ್ಕೊಳ್ತೀಯ. ಆದ್ರೆ ಕನ್ನಡಕ ಸರಿ ಮಾಡುವಾಗ ನನ್ನ ಕೈ ಗಿರಾಕಿಗಳ ಮೂಗಿನ ಮೇಲೇ ಇರುತ್ತೆ, ಕೈ ನೋಡಿಯೇ ಅವರು ಅಂಗಡಿ ನಂಬೋದು ಅಂತ ಮ್ಯಾನೇಜರ್ ಹೇಳ್ತಾರೆ. ಒಂಬತ್ತು ಗಂಟೆ ಮೇಲೆ ಅಂಗಡಿ ಮುಚ್ಚಿದ್ರೆ ಆಟೋಗೆ ನೂರ ನಲವತ್ತು. ಆ ಕೊನೇ ರಸ್ತೆಯಲ್ಲಿ ಬೀದಿದೀಪ ಇಲ್ಲ.

ಭಾನುವಾರ ಏನೂ ಇಲ್ಲ. ಹತ್ತು ಗಂಟೆವರೆಗೆ ಮಲಗ್ತೀನಿ, ಬಟ್ಟೆ ಒಗೀತೀನಿ. ನೀನು ಕಳಿಸಿದ ಕಾಫಿಪುಡಿ ದಿನಾ ಕುಡೀತೀನಿ.

ಶೃತಿ


ಬಾಳ್ಳುಪೇಟೆ
22-9-2024

ಶೃತಿ ಮಗ,

ಕನ್ನಡಕ ಈಗ ಹೊಸದರಂಗೆ ಆಗೈತೆ. ಚೆಲುವಮ್ಮನ ಮುಂದೆ ಎರಡು ಸಲ ತೆಗೆದು ಹಾಕ್ಕೊಂಡೆ. "ಸುಮ್ಮನೆ ಕೂತ್ಕೊ ಸುಮಿತ್ರಕ್ಕ, ನೋಡಿದೆ" ಅಂದಳು.

ಕರಿಬೇವು ಕೊಂಡ್ಕೊಂಡಿದ್ದು ಓದಿ ಹಿತ್ತಲಿಗೆ ಹೋಗಿ ಗಿಡ ನೋಡಿ ಬಂದೆ. ಪಾಪ, ಹಂಗೇ ನಿಂತಿತ್ತು. ಬಸ್ಸಿನ ಲಕ್ಕಪ್ಪನ ಕೈಲಿ ಒಂದು ಕಟ್ಟು ಕಳಿಸಿದೀನಿ, ಅರ್ಧ ಕೇಜಿ ಕಾಫಿಪುಡಿನೂ ಐತೆ. ತಂದಿದ್ದಕ್ಕೆ ಲಕ್ಕಪ್ಪ ಇಪ್ಪತ್ತೈದು ಕೇಳಲ್ಲ, ಒಂದು ಲೋಟ ನೀರು ಕೊಡು ಸಾಕು.

ಉಗುರಿಂದು ನಂಗೆ ತಪ್ಪು ಅನ್ನಿಸ್ಲಿಲ್ಲ ಕಣವ್ವ. ನಾವು ಕ್ಯೂರಿಂಗ್‌ನಲ್ಲಿ ಮೂವತ್ತೊಂದು ವರ್ಷ ಕಾಫಿಬೀಜ ಆರಿಸುವಾಗ, ಉಗುರು ಉದ್ದ ಬಿಟ್ಟೋಳಿಗೆ ಕೂಲಿ ಹಿಡೀತಿದ್ರು. ಅಲ್ಲಿ ಉಗುರು ಕತ್ತರಿಸಬೇಕಿತ್ತು, ಇಲ್ಲಿ ಬಣ್ಣ ಹಚ್ಚಬೇಕು. ಎರಡೂ ಹೊಟ್ಟೆಪಾಡೇ. ಆಟೋಗೆ ಎಷ್ಟಾದ್ರೂ ಕೊಡು. ಕತ್ತಲೆ ರಸ್ತೇಲಿ ದುಡ್ಡು ಉಳಿಸೋಕೆ ಹೋಗ್ಬೇಡ.

ಇನ್ನೊಂದು ಮಾತು. ಕೋಪ ಮಾಡ್ಕೋಬೇಡ. ನಿಂಗೆ ಇಪ್ಪತ್ಮೂರು ಆಯ್ತು. ಆ ಊರಲ್ಲಿ ಮಾತಿಗೆ ಅಂತ ಯಾರಾದ್ರೂ ಸಿಕ್ಕಿದ್ರೆ ನನ್ನ ಹತ್ರ ಮುಚ್ಚಿಡಬೇಡ. ಹುಡುಗ ಕ್ರಿಶ್ಚಿಯನ್ನರೋನೇ ಆಗಲಿ. ಹೊಂಗಡಹಳ್ಳದ ಕಡೆ ಎಸ್ಟೇಟಿನ ಸುಸಾನಮ್ಮನೋರ ಮನೇಲಿ ನಾನು ಎಷ್ಟು ಸಲ ಊಟ ಮಾಡಿಲ್ಲ? ಅವರೂ ಮನುಷ್ಯರೇ. ಆದ್ರೆ ವಾರ ವಾರ ಹೆಣ್ಣುಮಗಳ ಕೈಲಿ ದುಡ್ಡು ಹಾಕಿಸ್ಕೊಳ್ಳೋ ಹುಡುಗ ಒಳ್ಳೆಯೋನಲ್ಲ ಮಗ. ಇಷ್ಟು ಮಾತ್ರ ಹೇಳ್ತೀನಿ.

ನಿನ್ನ ದೊಡ್ಡಮ್ಮ


ಬೆಂಗಳೂರು
13-10-2024

ದೊಡ್ಡಮ್ಮ,

ಯಾವ ಹುಡುಗ? ನಿನ್ನ ಕಾಗದ ಓದಿ ಜಾನಿಸ್, ಅನಿಶಾ ಇಬ್ಬರೂ ನನ್ನ ಮಂಚದ ಮೇಲೆ ಬಿದ್ದು ಬಿದ್ದು ನಕ್ಕರು. "ನಿನ್ನ ಹುಡುಗನ್ನ ನಮಗೂ ತೋರಿಸೇ" ಅಂತ ಎರಡು ದಿನ ಗೋಳಾಡಿಸಿದ್ರು. ನನಗೆ ಸ್ನಾನ ಮಾಡೋಕೂ ಪುರುಸೊತ್ತಿಲ್ಲ, ಹುಡುಗ ಎಲ್ಲಿಂದ ಬರ್ತಾನೆ?

ಯಾರೋ ಏನೋ ಹೇಳಿದಾರೆ ಅನ್ಸುತ್ತೆ. ನಮ್ಮೂರ ಕಡೆಯೋರು ಯಾರಾದ್ರೂ ನನ್ನ ಹಿಂದೆ ಬಂದು ನೋಡ್ತಿದ್ರೆ ಹೇಳಿಬಿಡು ದೊಡ್ಡಮ್ಮ. ನಾನು ಇಲ್ಲಿಗೆ ಬಂದಿದ್ದೇ ಯಾರೂ ನೋಡದ ಕಡೆ ನಾಲ್ಕು ದಿನ ಇರೋಣ ಅಂತ.

ಕೆಲಸ ಜಾಸ್ತಿ. ಮುಂದಿನ ಕಾಗದ ತಡ ಆಗಬಹುದು.

ಶೃತಿ


ಬಾಳ್ಳುಪೇಟೆ
10-11-2024

ಶೃತಿ ಮಗ,

ಯಾರೂ ನಿನ್ನ ಹಿಂದೆ ಬಂದಿಲ್ಲ. ನೋಡ್ತಿದ್ದೋಳು ನಾನೇ.

ನೀನು ಹೈಸ್ಕೂಲಲ್ಲಿದ್ದಾಗ ಸ್ಕಾಲರ್‌ಶಿಪ್ಪಿಗೆ ಅಂತ ಆಲೂರಿನ ಬ್ಯಾಂಕಲ್ಲಿ ನಿಂದೂ ನಂದೂ ಸೇರಿಸಿ ಖಾತೆ ಮಾಡಿಸಿದ್ವಲ್ಲ, ನಿನ್ನ ಸಂಬಳ ಈಗಲೂ ಅದಕ್ಕೇ ಬೀಳೋದು. ನೀನು ಎಲ್ಲಿ ಏನು ಖರ್ಚು ಮಾಡಿದ್ರೂ ನನ್ನ ಫೋನಿಗೂ ಮೆಸೇಜ್ ಬರ್ತೈತೆ. ದೊಡ್ಡಮ್ಮನಿಗೆ ಇಂಗ್ಲಿಷ್ ಎಲ್ಲಿ ಬರ್ತೈತೆ ಅಂತ ನೀನೂ ಅಂದ್ಕೊಂಡಿದ್ದೆ, ಎಲ್ಲರೂ ಅಂದ್ಕೊಂಡವರೆ. ನಾನೂ ಯಾರಿಗೂ ಹೇಳಿರಲಿಲ್ಲ.

ಕ್ಯೂರಿಂಗ್‌ನಲ್ಲಿ ಗೋಣಿಚೀಲದ ಮೇಲೆ ದೊಡ್ಡ ದೊಡ್ಡ ಅಕ್ಷರ ಬರೆದಿರೋರು. ಊಟದ ಹೊತ್ತಲ್ಲಿ ಅದರ ಮೇಲೆ ಬೆರಳಾಡಿಸಿ ಒಂದೊಂದೇ ಕಲಿತೆ. ಸಣ್ಣಕ್ಷರ ಬರಲ್ಲ, ದೊಡ್ಡಕ್ಷರ, ಲೆಕ್ಕದ ಅಂಕಿ ಬರ್ತಾವೆ. ನಾನು ಮೊದಲು ಓದಿದ ಪದ ಯಾವುದು ಗೊತ್ತಾ? ಪಾಸ್. ನಾವು ಕರಿಬೀಜ, ಒಡಕು ಬೀಜ ಆರಿಸಿದ ಚೀಲಾನ ಮೇಸ್ತ್ರಿ ಕೈ ಹಾಕಿ ನೋಡಿ, ಸರಿಯಿದ್ರೆ ಸೀಮೆಸುಣ್ಣದಲ್ಲಿ ನಾಲ್ಕು ಅಕ್ಷರ ಬರೆಯೋನು. ಬರೆಯದಿದ್ರೆ ಚೀಲ ಸುರಿದು ಮತ್ತೆ ಮೊದಲಿಂದ. ಆ ನಾಲ್ಕು ಅಕ್ಷರ ನೋಡಿದ ದಿನ ಮನೆಗೆ ಬರೋ ಬಸ್ಸಲ್ಲಿ ಸೀಟು ಸಿಗದಿದ್ರೂ ಕಾಲು ನೋಯ್ತಿರಲಿಲ್ಲ.

ಮೆಸೇಜಲ್ಲಿ ಹೆಸರು ದೊಡ್ಡಕ್ಷರದಲ್ಲೇ ಇರ್ತಾವೆ. ಪ್ರತಿ ಭಾನುವಾರ ಬೆಳಿಗ್ಗೆ ಏಳೂ ಮುಕ್ಕಾಲರ ಆಸುಪಾಸು, ಲಿಯಾನ್, ನೂರ ತೊಂಬತ್ತು. ನೀನು ಹತ್ತು ಗಂಟೆವರೆಗೆ ಮಲಗ್ತೀನಿ ಅಂತ ಬರೆದೆ. ಆಗ ನನ್ನ ಮನಸ್ಸು ಎಲ್ಲೆಲ್ಲಿಗೋ ಹೋಯ್ತು.

ಸುಮ್ಮನಿದ್ದಿದ್ರೆ ಆಗಿರೋದು. ಮೊನ್ನೆ ಫೋನಿಗೆ ಕರೆನ್ಸಿ ಹಾಕಿಸೋಕೆ ನಟರಾಜನ ಕೈಗೆ ಕೊಟ್ಟೆ. ಅವನು ಎಲ್ಲಾ ಓದ್ಬುಟ್ಟ. "ಯಾವನಕ್ಕ ಇವನು ಲಿಯಾನು? ವಾರ ವಾರ ಇವನ ಹೊಟ್ಟೆ ತುಂಬಿಸೋಕಾ ನಾವು ಅವಳನ್ನ ಬೆಂಗಳೂರಿಗೆ ಕಳಿಸಿದ್ದು?" ಅಂತ ಅಂಗಳದಲ್ಲಿ ನಿಂತು ಕೂಗಾಡಿದ. ನನ್ನ ಬಲಗಿವಿಗೂ ಕೇಳಿಸ್ತು ಮಾರಾಯ್ತಿ. ಸಂಕ್ರಾಂತಿ ಮುಗಿದ ಮಾರನೇ ದಿನ ಬಂದು ನಿನ್ನ ಕರ್ಕೊಂಡು ಬರ್ತಾನಂತೆ.

ಕದ್ದು ನೋಡಿದ್ದು ನನ್ನ ತಪ್ಪು. ಬೈದು ಬರಿ, ಆದ್ರೆ ನಿಜ ಬರಿ. ಏನೇ ಇದ್ರೂ ಅವನ ಮುಂದೆ ನಿಲ್ಲೋಕೆ ನಂಗೆ ನಿಜ ಬೇಕು.

ನಿನ್ನ ದೊಡ್ಡಮ್ಮ


ಬೆಂಗಳೂರು
17-11-2024, ಭಾನುವಾರ

ದೊಡ್ಡಮ್ಮ,

ಸಿಟ್ಟು ಬಂತು. ಒಂದು ಕಾಗದ ಬರೆದು ಹರಿದೆ. ನಾನು ತಿಂದಿದ್ದು, ಕುಡಿದಿದ್ದು, ಔಷಧಿ ಅಂಗಡೀಲಿ ತಗೊಂಡಿದ್ದು ಎಲ್ಲಾ ಮಾವ ಓದಿದಾರೆ ಅಂದ್ರೆ ಹೆಂಗಾಗುತ್ತೆ ಹೇಳು. ಆಮೇಲೆ ನೀನು ಗೋಣಿಚೀಲದ ಮೇಲೆ ಬೆರಳಾಡಿಸಿದ್ದು ನೆನಪಾಯ್ತು. ಇಷ್ಟು ವರ್ಷ ನಿನ್ನ ಜೊತೆ ಇದ್ದೂ ನನಗೆ ಅದು ಗೊತ್ತಿರಲಿಲ್ಲ. ನಿನ್ನ ಮುಂದೆಯೇ ಎಷ್ಟು ಸಲ "ದೊಡ್ಡಮ್ಮನಿಗೆ ಇಂಗ್ಲಿಷ್ ಓದೋಕೆ ಬರಲ್ಲ ಬಿಡು" ಅಂದಿದೀನಿ.

ಲಿಯಾನ್ ಅಂಕಲ್‌ಗೆ ಅರವತ್ತೆರಡು ವರ್ಷ. ತಲೇಲಿ ಒಂದು ಕೂದಲಿಲ್ಲ. ಅವರ ಮನೆಯ ಕಾರ್ ಶೆಡ್ಡಲ್ಲಿ ಮೂರು ಮೇಜು ಹಾಕಿ ಕಾಫಿ ಮಾರ್ತಾರೆ. ಒಂದು ಕಪ್ಪಿಗೆ ನೂರ ತೊಂಬತ್ತು. ಹೌದು, ಕಾಫಿಗೇ. ಉಸಿರು ಬಿಡು ಈಗ.

ನಾನು ಅಲ್ಲಿಗೆ ಹೋಗೋದು ಕಾಫಿಗಲ್ಲ, ಮೇಜಿಗೆ. ನಮ್ಮ ರೂಮಲ್ಲಿ ನಾಲ್ಕು ಮಂಚ ಹಾಕಿದ ಮೇಲೆ ಚಪ್ಪಲಿ ಬಿಡೋಕೂ ಜಾಗ ಉಳಿಯಲ್ಲ. ಒಲೆ ಹಚ್ಚೋ ಹಾಗಿಲ್ಲ, ನಿನ್ನ ಪುಡಿ ದಿನಾ ಕುಡೀತೀನಿ ಅಂದಿದ್ದು ಸುಳ್ಳು. ಅದನ್ನ ಲಿಯಾನ್ ಅಂಕಲ್‌ಗೆ ಕೊಟ್ಟೆ. ಅವರು ಮೂಸಿ ನೋಡಿ, "ಇದನ್ನು ಹುರಿದೋರಿಗೆ ಬೀಜ ಗೊತ್ತು" ಅಂದ್ರು. ನನಗೆ ಅದರಲ್ಲೇ ಮಾಡಿ ಕೊಡ್ತಾರೆ. ಹಾಗಾದ್ರೆ ದುಡ್ಡು ಕಡಿಮೆ ಮಾಡಿ ಅಂದೆ. "ಪುಡಿ ನಿನ್ನದು, ಕುರ್ಚಿ ನನ್ನದು" ಅಂದ್ರು! ಆದ್ರೆ ಹನ್ನೆರಡು ಗಂಟೆವರೆಗೆ ಕೂತಿದ್ರೂ ಏಳು ಅನ್ನಲ್ಲ. ಗಾಜಿನ ಡಬ್ಬೀಲಿ ಬೆಣ್ಣೆ ಬನ್ ಇರುತ್ತೆ, ಅರವತ್ತು ರೂಪಾಯಿ. ಅದನ್ನ ಮಾತ್ರ ನೋಡ್ತೀನಿ, ತಗೊಳಲ್ಲ.

ಕೂತು ಏನು ಮಾಡ್ತೀಯ ಅಂದ್ರೆ, ಓದ್ತೀನಿ. ನಾನು ಪಾಸಾಗಿಲ್ಲ ದೊಡ್ಡಮ್ಮ. ಕೊನೇ ವರ್ಷದ ಒಂದು ಪೇಪರ್ ಉಳಿದಿದೆ, ಎರಡು ಸಲ ಬರೆದು ಎರಡು ಸಲ ಹೋಯ್ತು. ಅದಿಲ್ಲದೆ ನಾನು ಕಣ್ಣು ಪರೀಕ್ಷೆ ಮಾಡೋ ಹಾಗಿಲ್ಲ, ಬರೀ ಗಾಜು ಒರೆಸಿ ಕೊಡಬೇಕು. ಏಪ್ರಿಲ್ ಒಳಗೆ ಸರ್ಟಿಫಿಕೇಟ್ ತರದಿದ್ರೆ ಬೇರೆಯೋರನ್ನ ತಗೋತೀವಿ ಅಂದಿದಾರೆ. ಪರೀಕ್ಷೆ ಜನವರಿ ಎಂಟಕ್ಕೆ. ನೀನು ಮಾವನ ಮುಂದೆ ಎದೆ ಮುಟ್ಟಿಕೊಂಡು ಹೇಳಿದ್ದು ಸುಳ್ಳಾಯ್ತಲ್ಲ, ಅದಕ್ಕೇ ನಿನಗೆ ಹೇಳೋಕೆ ಬಾಯಿ ಬರಲಿಲ್ಲ.

ಈ ಕಾಗದಾನೂ ಆ ಮೇಜಿನ ಮೇಲೇ ಬರೀತಿದೀನಿ. ನಿನ್ನ ಫೋನು ಇಷ್ಟೊತ್ತಿಗೆ ನಡುಗಿರುತ್ತೆ.

ಶೃತಿ


ಬಾಳ್ಳುಪೇಟೆ
1-12-2024

ಶೃತಿ ಮಗ,

ಕಾಫಿಗೆ ನೂರ ತೊಂಬತ್ತು ಅಂತ ಓದಿ, ನೀನು ಹೇಳಿದಂಗೇ ಉಸಿರು ಬಿಟ್ಟೆ. ಆಮೇಲೆ ಮುಂದೆ ಓದಿದೆ. ಕಾಗದ ಮಡಚಿ ತಲೆದಿಂಬಿನ ಕೆಳಗಿಟ್ಟು ಎರಡು ದಿನ ಸುಮ್ಮನಿದ್ದೆ. ಪಾಸಾಗಿಲ್ಲ ಅನ್ನೋದಕ್ಕಲ್ಲ ಮಗ. ನನ್ನ ಮಾತು ಉಳಿಸೋಕೆ ನೀನು ಇಷ್ಟು ದಿನ ಒಬ್ಬಳೇ ಹೊತ್ತುಕೊಂಡಿದ್ದೆಯಲ್ಲ, ಅದಕ್ಕೆ. ಚೀಲ ಪಾಸಾಗದಿದ್ರೆ ನಾವು ಎಂಟು ಜನ ಸೇರಿ ಸುರಿದು ಮತ್ತೆ ಆರಿಸ್ತಿದ್ವಿ. ಯಾರ ಬುಟ್ಟೀಲಿ ಕರಿಬೀಜ ಇತ್ತು ಅಂತ ಯಾರೂ ಕೇಳ್ತಿರಲಿಲ್ಲ.

ನಟರಾಜನಿಗೆ ಎಲ್ಲಾ ಹೇಳಿದೆ, ಪೇಪರ್ ಉಳಿದಿರೋದೂ ಸೇರಿಸಿ. ಮುಚ್ಚಿಟ್ಟು ಸಾಕಾಗಿತ್ತು. ಅವನು ಅಡಿಗೆಮನೆ ಹೊಸ್ತಿಲ ಮೇಲೆ ಕೂತು, "ನೋಡಕ್ಕ, ಸುಳ್ಳು ಹೇಳಿದಾಳೆ, ಮೇಲೆ ಕಾಫಿಗೆ ನೂರ ತೊಂಬತ್ತು. ಕಾಫಿ ಬೆಳೆಯೋ ಊರಿನೋಳು ಕಣಕ್ಕ ಅವಳು!" ಅಂದ.

"ನೀನು ದಿನಕ್ಕೆ ನಾಲ್ಕು ಸಲ ಕೆಂಚಮ್ಮನ ಹೋಟೆಲಿಗೆ ಹೋಗ್ತೀಯಲ್ಲ, ಟೀಗೆ ಹೋಗ್ತೀಯೋ ಬೆಂಚಿಗೆ ಹೋಗ್ತೀಯೋ?" ಅಂತ ಕೇಳಿದೆ.

"ಟೀಗೆ."

"ಸುಳ್ಳು ಯಾಕೋ ಹೇಳ್ತೀಯ? ಆ ಟೀನ ನೀನೇ ಗಂಜಲ ಅಂತ ಬೈತೀಯ."

"ಅಂಗಡೀಲಿ ಕೂತ್ರೆ ಲಾರಿ ಸದ್ದು ತಲೆ ತಿಂತೈತೆ ಅಕ್ಕ" ಅಂದ. "ಅವಳಿಗೂ ಹಂಗೇ ಕಣೋ" ಅಂದೆ. ಎದ್ದು ಹೋಗುವಾಗ ಹೇಳಿದ್ದು ಇಷ್ಟು: "ರಿಸಲ್ಟ್ ಬರೋವರೆಗೆ ಬಿಡ್ತೀನಿ. ಈ ಸಲವೂ ಹೋದ್ರೆ ಆಲೂರಿಗೆ. ಆಮೇಲೆ ನೀನು ಟೀ ಕಥೆ ಹೇಳಬಾರದು."

ಅಷ್ಟು ಸಿಕ್ಕಿದ್ದೇ ದೊಡ್ಡದು. ಈಗ ನನ್ನ ಮಾತು ಕೇಳು. ಬ್ಯಾಂಕಿಗೆ ಹೋಗಿ ನಿನ್ನೊಬ್ಬಳ ಹೆಸರಲ್ಲಿ ಖಾತೆ ಮಾಡು, ಸಂಬಳ ಅದಕ್ಕೇ ಹಾಕಿಸ್ಕೊ. ನೀನು ಏನು ತಿಂದೆ, ಯಾವ ಔಷಧಿ ತಗೊಂಡೆ ಅಂತ ಈ ಮನೇಲಿ ಯಾರಿಗೂ ಗೊತ್ತಾಗಬಾರದು. ನಂಗೂ ಕೂಡ.

ಚೆನ್ನಾಗಿ ಓದು.

ನಿನ್ನ ದೊಡ್ಡಮ್ಮ


ಬೆಂಗಳೂರು
15-12-2024

ದೊಡ್ಡಮ್ಮ,

ಖಾತೆ ಆಯ್ತು. ಇದು ಚಿಕ್ಕ ಕಾಗದ, ಇನ್ನು ಮೂರು ಪಾಠ ಉಳಿದಿವೆ. ಲಿಯಾನ್ ಅಂಕಲ್‌ಗೆ, "ನಿಮ್ಮನ್ನ ನಮ್ಮೂರಲ್ಲಿ ನನ್ನ ಹುಡುಗ ಅಂದ್ಕೊಂಡಿದ್ರು" ಅಂತ ಹೇಳಿದೆ. ಅವರ ಹೆಂಡ್ತಿ ಒಳಗಿಂದ, "ನೋಡಿದವರು ಯಾರೂ ಹಾಗೆ ಅನ್ನಲ್ಲ ಬಿಡಿ" ಅಂದ್ರು. ಮಾವನಿಗೆ ಥ್ಯಾಂಕ್ಸ್ ಹೇಳು. ಬೇಡ, ಪಾಸಾದ ಮೇಲೆ ನಾನೇ ಹೇಳ್ತೀನಿ.

ಶೃತಿ


ಬಾಳ್ಳುಪೇಟೆ
29-12-2024, ಭಾನುವಾರ

ಶೃತಿ ಮಗ,

ಪರೀಕ್ಷೆ ಹತ್ರ ಬಂತು, ಬರೆಯಬಾರದು ಅಂದ್ಕೊಂಡಿದ್ದೆ. ಉತ್ತರ ಬರೀಬೇಡ.

ಇವತ್ತೂ ಬೆಳಿಗ್ಗೆ ಒಲೆ ಮುಂದೆ ಕೂತು ಫೋನು ಅಂಗೈಲಿ ಇಟ್ಕೊಂಡಿದ್ದೆ. ಎಂಟು ಗಂಟೆ ಆಯ್ತು, ಎಂಟೂವರೆ ಆಯ್ತು. ಆಮೇಲೆ ನೆನಪಾಯ್ತು, ಇನ್ನು ಬರಲ್ಲ ಅಂತ. ಬೇಡ ಅಂದೋಳು ನಾನೇ. ಅದು ಸರಿನೇ, ಬದಲಾಯಿಸಬೇಡ.

ಕದ್ದು ನೋಡಿದ್ದು ತಪ್ಪು ಅಂತ ಬರೆದಿದ್ದೆ. ಆದ್ರೆ ಒಂದು ವಿಷಯ ಬರೆದಿರಲಿಲ್ಲ. ನಿನ್ನ ದನಿ ನಂಗೆ ಕೇಳಲ್ಲ ಮಗ. ಭಾನುವಾರ ಅಂಗೈಲಿ ಫೋನು ಗುರ್ ಅಂದ್ರೆ, ಹುಡುಗಿ ಎದ್ದವಳೆ, ಮುಖ ತೊಳೆದು ಹೊರಗೆ ಬಂದವಳೆ, ಏನೋ ಒಂದು ಕೊಂಡ್ಕೊಂಡವಳೆ, ಚೆನ್ನಾಗವಳೆ ಅಂತ. ಆ ಲಿಯಾನ್ ಯಾರು ಅನ್ನೋ ಚಿಂತೆಯಲ್ಲೂ ಆ ಗುರ್‌ಗೆ ಕಾಯ್ತಿದ್ದೆ. ಇಷ್ಟೇ. ಇದನ್ನ ಓದಿ ಮರೆತುಬಿಡು, ಎಂಟನೇ ತಾರೀಕು ತಲೇಲಿ ಪಾಠ ಮಾತ್ರ ಇರಲಿ.

ನಿನ್ನ ದೊಡ್ಡಮ್ಮ


ಬಾಳ್ಳುಪೇಟೆ
2-3-2025, ಭಾನುವಾರ

ಶೃತಿ ಮಗ,

ಜನವರಿ ಐದಕ್ಕೆ ನಿನ್ನ ಮೊದಲನೇ ಮೆಸೇಜ್ ಬಂದಾಗ ಹಾಲು ಉಕ್ಕಿ ಒಲೆ ಆರಿಹೋಯ್ತು. ದೊಡ್ಡಕ್ಷರದಲ್ಲಿ ನಿನ್ನ ಹೆಸರು, ಮುಂದೆ ನೂರ ತೊಂಬತ್ತು. ಬ್ಯಾಂಕಿನೋರು ಕಳಿಸಿದ್ದಲ್ಲ, ನೀನೇ ಕೈಯಾರೆ ಅಕ್ಷರ ಒತ್ತಿ ಕಳಿಸಿದ್ದು. ಅವತ್ತಿಂದ ಎಂಟು ಭಾನುವಾರ ಆಯ್ತು, ಒಂದೂ ತಪ್ಪಿಲ್ಲ. ನಾನು ನೋಡಿದ್ದಕ್ಕೂ ನೀನು ತೋರಿಸಿದ್ದಕ್ಕೂ ಎಷ್ಟು ವ್ಯತ್ಯಾಸ ಐತೆ ಅಂತ ಪ್ರತಿ ಸಲ ಅನ್ಕೊಳ್ತೀನಿ.

ಇವತ್ತು ಒಂಬತ್ತನೇದು. ಏಳು ನಲವತ್ತಕ್ಕೆ ನಡುಗ್ತು. ಶೃತಿ. ನೂರ ತೊಂಬತ್ತು. ಆಮೇಲೆ ನಾಲ್ಕು ಅಕ್ಷರ.

ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದೆ. ಮೇಸ್ತ್ರಿ ಸೀಮೆಸುಣ್ಣದಲ್ಲಿ ಬರೆದಿದ್ರೂ ಅಷ್ಟು ಚೆನ್ನಾಗಿ ಕಾಣ್ತಿರಲಿಲ್ಲ. ಕೆಂಚಮ್ಮನ ಹೋಟೆಲಿಗೆ ಹೋದೆ. ನಟರಾಜ ಬೆಂಚಿನ ಮೇಲೆ ಕೂತಿದ್ದ. ಫೋನು ಅವನ ಮುಂದೆ ಹಿಡಿದೆ. ಓದಿದ. ಮುಖ ಆ ಕಡೆ ತಿರುಗಿಸಿ, "ಕೆಂಚಮ್ಮ, ಅಕ್ಕನಿಗೂ ಒಂದು ಟೀ ಕೊಡು" ಅಂದ. ಆಮೇಲೆ ನನ್ನ ಎಡಗಿವಿಗೆ ಬಾಗಿ, "ಆಲೂರಿನೋನಿಗೆ ಬೇರೆ ಹುಡುಗೀನ ನೋಡ್ಕೊ ಅಂತ ನಾಳೆ ಹೇಳ್ತೀನಿ" ಅಂದ. ಟೀ ಗಂಜಲದಂಗೇ ಇತ್ತು. ಇಬ್ಬರೂ ಅರ್ಧ ಗಂಟೆ ಕೂತಿದ್ವಿ.

ಲಕ್ಕಪ್ಪನ ಕೈಲಿ ಒಂದು ಕೇಜಿ ಪುಡಿ ಬರ್ತಾ ಐತೆ. ಅರ್ಧ ಲಿಯಾನಣ್ಣನಿಗೆ, ನನ್ನ ಹೆಸರು ಹೇಳಿ ಕೊಡು. ಕುರ್ಚಿ ದುಡ್ಡಲ್ಲಿ ಚೌಕಾಸಿ ಮಾಡ್ಬೇಡ.

ಬರೋ ಭಾನುವಾರ ಆ ಗಾಜಿನ ಡಬ್ಬೀಲಿರೋ ಬೆಣ್ಣೆ ಬನ್ನೂ ತಗೊ ಮಗ. ಬೆಳಿಗ್ಗೆ ಇನ್ನೂರೈವತ್ತು ಅಂತ ಬರಲಿ. ಫೋನು ಕೈಲಿ ಹಿಡ್ಕೊಂಡು ಕೂತಿರ್ತೀನಿ.

ನಿನ್ನ ದೊಡ್ಡಮ್ಮ
ಸುಮಿತ್ರಮ್ಮ